ಬೋಳು ಬೆರಳು

ವೀರಬಸಮ್ಮನವರ ಚಿನ್ನದ ಅವಲಕ್ಕಿ ಸರ ಕಾಣೆಯಾದ ಗುರುವಾರ ಬೆಳಿಗ್ಗೆ ಆ ಮನೆಯಲ್ಲಿ ಖುಷಿಯಾಗಿದ್ದವಳು ಒಬ್ಬಳೇ, ಹಿರಿಸೊಸೆ ಹಾಲಮ್ಮ. ಅತ್ತೆ ನಡುಮನೆಯ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಅವರ ಇಬ್ಬರು ಗಂಡುಮಕ್ಕಳು, ಅಂದರೆ ಹಾಲಮ್ಮನ ಗಂಡ ಮಲ್ಲೇಶಪ್ಪ ಮತ್ತು ಅವನ ತಮ್ಮ ಕಾಂತೇಶ್, ಅಂಗಡಿ ಬಾಗಿಲು ತೆಗೆಯುವುದನ್ನೂ ಮರೆತು ಪೂಜೆಕೋಣೆಯ ಬೀರುವಿನಲ್ಲಿದ್ದದ್ದನ್ನೆಲ್ಲ ಹೊರಗೆ ಹರಡಿದ್ದರು. ಕಿರಿಸೊಸೆ ದೀಕ್ಷಾ ಬಿಳಿಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಾಲಮ್ಮ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತ, ಕಿವಿಯನ್ನು ಮಾತ್ರ ನಡುಮನೆಯಲ್ಲಿಟ್ಟು, ಯಾವಾಗ ಆ ಹೆಸರು ಬಂದೀತು ಎಂದು ಕಾಯುತ್ತಿದ್ದಳು.

ಬರಲೇಬೇಕಿತ್ತು. ಬೀರುವಿನ ಕೀಗೊಂಚಲು ದೀಕ್ಷಾಳ ಸೊಂಟದಲ್ಲಿರುತ್ತದೆ. ಸರ ಇಡುವ ಹಿತ್ತಾಳೆ ಪೆಟ್ಟಿಗೆಯನ್ನು ಸೋಮವಾರ ಸೋಮವಾರ ಹುಣಸೆಹಣ್ಣು ಹಾಕಿ ಉಜ್ಜುವವಳೂ ದೀಕ್ಷಾ. ಇನ್ನು ಯಾರನ್ನು ಕೇಳಬೇಕು? ಮೂರು ವರ್ಷದ ಮಗುವಿಗೂ ಹೊಳೆಯುವ ವಿಷಯ. ಆದರೆ ವೀರಬಸಮ್ಮ ಮೂಗು ಒರೆಸಿ ಮುಗಿಸಿ ಹೇಳಿದ್ದೇ ಬೇರೆ.

"ಆ ಸೀತಕ್ಕನ್ನ ಕರೀರಿ. ನಿನ್ನೆ ನಡುಮನೆ ಗುಡ್ಸೋಕೆ ಬಂದಿದ್ದು ಅವಳೇ ಅಲ್ವಾ?"

ಹಾಲಮ್ಮನ ಕೈಯ ಸೌಟು ನಿಂತಿತು. ರವೆ ಸೀದು ಹೊಗೆ ಬಂತು. ಸಾಕ್ಷಾತ್ ಕಳ್ಳತನ ಕೂಡ ಆ ಹುಡುಗಿಗೆ ಅಂಟುವುದಿಲ್ಲವಲ್ಲ ಎಂದು ಅವಳ ಹೊಟ್ಟೆಯೊಳಗೆ ಬಿದ್ದ ಬೆಂಕಿಯ ಮುಂದೆ ಆ ಒಲೆ ಏನೇನೂ ಅಲ್ಲ.

ಸರ ತೆಗೆದವಳು ಹಾಲಮ್ಮನೇ. ಇದನ್ನು ಕೊನೆಯವರೆಗೆ ಮುಚ್ಚಿಟ್ಟು ಓದುವವರನ್ನು ಆಟವಾಡಿಸುವುದರಲ್ಲಿ ಅರ್ಥವಿಲ್ಲ. ಯಾಕೆ ತೆಗೆದಳು ಎನ್ನುವುದು ಮಾತ್ರ ಸ್ವಲ್ಪ ಹಿಂದಿನಿಂದ ಹೇಳಬೇಕಾದ ಸಂಗತಿ.

ಹದಿನೇಳು ವರ್ಷದ ಹಿಂದೆ ಕೊಪ್ಪದ ಹತ್ತಿರದ ಅವಳ ತವರಿಗೆ ಹೆಣ್ಣು ನೋಡಲು ಬಂದಾಗ ವೀರಬಸಮ್ಮ ಹಾಡು ಹೇಳಿಸಲಿಲ್ಲ, ಅಡುಗೆ ಕೇಳಲಿಲ್ಲ. ಹುಡುಗಿಯ ಎರಡೂ ಕೈ ಹಿಡಿದು ಕಿಟಕಿಯ ಬೆಳಕಿಗೆ ಎಳೆದುಕೊಂಡು ಬೆರಳ ತುದಿಗಳನ್ನು ಎಣಿಸಿದರು. ಅವರ ಮನೆತನದ ಪದ್ಧತಿ ಅದು. ಬೆರಳ ತುದಿಯ ಗೆರೆ ಗುಂಡಗೆ ಸುತ್ತಿದ್ದರೆ ಚಕ್ರ, ಒಂದು ಕಡೆಯಿಂದ ಬಂದು ಬಳಸಿ ಅದೇ ಕಡೆ ಹೊರಟುಹೋದರೆ ಶಂಖ. ಚಕ್ರ ಹೆಚ್ಚಾದಷ್ಟೂ ಮನೆಗೆ ಲಕ್ಷ್ಮಿ. ಶಂಖವಾದರೂ ಪರವಾಗಿಲ್ಲ. ಹಾಲಮ್ಮನ ಹತ್ತು ಬೆರಳನ್ನೂ ಎರಡೆರಡು ಸಲ ನೋಡಿ ವೀರಬಸಮ್ಮ ಕೈ ಬಿಟ್ಟುಬಿಟ್ಟರು.

"ಶಂಖಾನೂ ಇಲ್ಲ, ಚಕ್ರಾನೂ ಇಲ್ಲ. ಎಂತದೂ ಇಲ್ಲ. ಬೋಳು ಬೆರಳು ಮಾರಾಯ್ತಿ ಇವಳದ್ದು."

ಮಾವ ಶಿವಶಂಕರಪ್ಪನವರು ಅಷ್ಟರಲ್ಲಿ ಮಾತು ಕೊಟ್ಟಾಗಿತ್ತು, ಮದುವೆ ನಡೆಯಿತು. ಮಾವ ಈಗಿಲ್ಲ, ಅತ್ತೆಯ ಆ ಮಾತು ಇದೆ. ಹಾಲು ಉಕ್ಕಿದರೆ ಬೋಳು ಬೆರಳು, ಅಂಗಡಿಯಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತ ಮಾರಾಟವಾಗದೆ ಉಳಿದರೆ ಬೋಳು ಬೆರಳು, ಮೊದಲನೆಯದು ಹೆಣ್ಣಾಗಿದ್ದಕ್ಕೂ ಎರಡನೆಯದು ಆಗದೇ ಇದ್ದದ್ದಕ್ಕೂ ಅದೇ. ಆ ಮಗಳೀಗ ಕೊಪ್ಪದಲ್ಲಿ ಅಜ್ಜಿಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಹಾಲಮ್ಮ ಹದಿನಾಲ್ಕು ವರ್ಷ ಇದನ್ನು ನುಂಗಿಕೊಂಡಳು. ಅತ್ತೆಯ ಬಾಯಿ ಎಂದರೆ ಹಾಗೇ, ಇನ್ನೊಬ್ಬಳು ಬಂದರೆ ಅವಳಿಗೂ ಇದೇ ಪೂಜೆ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಇನ್ನೊಬ್ಬಳು ಬಂದಳು. ದೀಕ್ಷಾ, ಬಾಳೆಹೊನ್ನೂರಿನವಳು, ಬಿ.ಕಾಂ. ಹತ್ತಕ್ಕೆ ಹತ್ತೂ ಚಕ್ರ.

ಅವತ್ತಿನಿಂದ ಹಾಲಮ್ಮನಿಗೆ ನೆಮ್ಮದಿಯಾಗಿ ಒಂದು ತುತ್ತು ಇಳಿದಿದ್ದರೆ ಕೇಳಿ. ದೀಕ್ಷಾ ಮಾಡಿದ ಕಾಫಿಗೆ ಬೇರೆ ರುಚಿ. ದೀಕ್ಷಾ ನೆಟ್ಟ ಮೆಣಸಿನ ಗಿಡಕ್ಕೆ ಬೇರೆ ಕಾಯಿ. ಒಮ್ಮೆ ಎಲ್ಲರೂ ಶೃಂಗೇರಿಗೆ ಹೋದಾಗ ಹೊಳೆಯ ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದರು. "ನೋಡಿ, ದೀಕ್ಷಾ ಹಾಕಿದ್ ಕಡೆ ಹ್ಯಾಗ್ ಬರ್ತಾವೆ, ಚಕ್ರದ ಕೈ ಅಂದ್ರೆ ಅದು" ಎಂದರು ವೀರಬಸಮ್ಮ. ಮಂಡಕ್ಕಿ ಯಾರು ಹಾಕಿದರೂ ಮೀನು ಬರುತ್ತದೆ ಎಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಹಾಲಮ್ಮ ತನ್ನ ಪೊಟ್ಟಣದಲ್ಲಿದ್ದದ್ದನ್ನು ಒಟ್ಟಿಗೇ ಸುರಿದು ಮೆಟ್ಟಿಲು ಹತ್ತಿ ಹೋಗಿ ಬಸ್ಸಿನಲ್ಲಿ ಕೂತುಬಿಟ್ಟಿದ್ದಳು.

ಇದಕ್ಕೆ ಸರಿಯಾಗಿ ಆ ಹುಡುಗಿ ಜಗಳಕ್ಕೂ ಸಿಗುವವಳಲ್ಲ. "ಅಕ್ಕಾ, ನಿಮ್ಮ ರವಿಕೆ ತೋಳು ಬಿಚ್ಚಿದೆ, ಕೊಡಿ" ಎಂದು ತನ್ನ ಹೊಲಿಗೆ ಮಶೀನಿನಲ್ಲಿ ಎರಡು ನಿಮಿಷಕ್ಕೆ ಹೊಲಿದು ಕೊಡುತ್ತಿದ್ದಳು. ಕೆಟ್ಟವಳಾಗಿದ್ದರೆ ಎಷ್ಟು ಸುಖವಾಗಿ ದ್ವೇಷಿಸಬಹುದಿತ್ತು. ಆ ಸುಖವನ್ನೂ ದೀಕ್ಷಾ ಕೊಡಲಿಲ್ಲ.

ಅವಲಕ್ಕಿ ಸರ ಎರಡೆಳೆಯದು, ವೀರಬಸಮ್ಮನಿಗೆ ಅವರ ಅತ್ತೆಯಿಂದ ಬಂದದ್ದು. ಆ ಮನೆಯಲ್ಲಿ ಅದು ಹಿರಿಸೊಸೆಯಿಂದ ಹಿರಿಸೊಸೆಗೆ ಇಳಿಯಬೇಕು. ತನಗೆ ಬೇರೆ ಏನೂ ಇಲ್ಲದಿದ್ದರೂ ಅದೊಂದು ಬರುತ್ತದೆ, ಅವತ್ತಾದರೂ ತಾನು ಈ ಮನೆಯ ಹಿರಿಯವಳು ಎಂದು ನಾಲ್ಕು ಜನಕ್ಕೆ ಕಾಣುತ್ತದೆ ಎಂದು ಹಾಲಮ್ಮ ನಂಬಿದ್ದಳು. ಎರಡು ಸಾವಿರದ ಐದನೇ ಇಸವಿಯ ಆಶ್ವೀಜದಲ್ಲಿ ಒಂದು ಭಾನುವಾರ, ಊಟದ ಎಲೆ ಮುಂದೆ, ಮಜ್ಜಿಗೆ ಕಲಸಿಕೊಳ್ಳುತ್ತ ವೀರಬಸಮ್ಮ ಹೇಳಿದರು: "ದೀಪಾವಳಿಗೆ ಸರ ದೀಕ್ಷಂಗೆ ಹಾಕ್ತೀನಿ. ಬೋಳು ಕೈಗೆ ಹೋದ್ರೆ ಚಿನ್ನ ನಿಲ್ಲಲ್ಲ."

ಮಲ್ಲೇಶಪ್ಪ ಅನ್ನದಿಂದ ತಲೆ ಎತ್ತಲಿಲ್ಲ. ಹಾಲಮ್ಮನಿಗೆ ಅದೂ ಕಂಡಿತು.

ಅದಾದ ಎರಡನೇ ದಿನ, ಮಂಗಳವಾರ, ದೀಕ್ಷಾ ಸ್ನಾನಕ್ಕೆ ಹೋದಾಗ ಕೀಗೊಂಚಲು ಎಂದಿನಂತೆ ಬಚ್ಚಲ ಕಿಟಕಿಯ ಮೇಲಿತ್ತು. ಹಾಲಮ್ಮ ಬೀರು ತೆಗೆದಳು, ಪೆಟ್ಟಿಗೆ ತೆಗೆದಳು. ಸರ ಎತ್ತಿಕೊಂಡವಳು ನೇರ ಹೋಗಬೇಕಿತ್ತು. ಹೋಗಲಿಲ್ಲ. ಕೊರಳಿಗೆ ಹಾಕಿಕೊಂಡಳು. ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಗೈಯಗಲದ ಕನ್ನಡಿಯಿತ್ತು. ಮುಚ್ಚಳ ಹಿಂದಕ್ಕೆ ವಾಲುತ್ತಿತ್ತು. ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ತನ್ನನ್ನೇ ನೋಡಿಕೊಂಡಳು. ಸರ ಅವಳಿಗೆ ಒಪ್ಪುತ್ತಿತ್ತು. ಬಚ್ಚಲಲ್ಲಿ ನೀರಿನ ಸದ್ದು ನಿಂತ ಮೇಲೆಯೇ ಅವಳಿಗೆ ಎಚ್ಚರವಾದದ್ದು.

ಸರವನ್ನು ದೀಕ್ಷಾಳ ಹೊಲಿಗೆ ಮಶೀನಿನ ಡ್ರಾಯರಿನಲ್ಲಿ, ಬಟನ್ ಡಬ್ಬಿಯ ಹಿಂದೆ ತುರುಕಿದಳು. ಗುರುವಾರ ವಾರದ ಪೂಜೆಗೆಂದು ಬೀರು ತೆಗೆದಾಗ ಅತ್ತೆ ಪೆಟ್ಟಿಗೆ ನೋಡುತ್ತಾರೆ, ಸರ ಇರುವುದಿಲ್ಲ, ಕೀ ಇದ್ದವಳ ಸಾಮಾನು ಜಾಲಾಡುತ್ತಾರೆ, ಹತ್ತು ಚಕ್ರ ಒಂದೇ ದಿನಕ್ಕೆ ನೆಲಕ್ಕೆ ಬೀಳುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ವೀರಬಸಮ್ಮನ ಪ್ರೀತಿ ಎಷ್ಟು ಕುರುಡು ಎನ್ನುವುದೊಂದೇ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಸೀತಕ್ಕ ಬಂದಳು. ಅರವತ್ತು ದಾಟಿದ ಹೆಂಗಸು, ಇಪ್ಪತ್ತು ವರ್ಷದಿಂದ ಆ ಮನೆಯ ಪಾತ್ರೆ ತಿಕ್ಕಿದವಳು. ಜಗಲಿಯಲ್ಲಿ ಕೂರಿಸಿ ಕಾಂತೇಶ್ ಕೇಳಬಾರದ ರೀತಿಯಲ್ಲಿ ಕೇಳಿದ. ಅವಳು ದೇವರ ಮೇಲೆ ಆಣೆಯಿಟ್ಟು ಅತ್ತಳು. ಹಾಲಮ್ಮನಿಗೆ ಒಂದು ಗಳಿಗೆ ಪಾಪ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ದೀಕ್ಷಾ ಹೋಗಿ ಸೀತಕ್ಕನ ಪಕ್ಕದಲ್ಲಿ ಕೂತು ನೀರು ಕೊಟ್ಟದ್ದನ್ನು ಕಂಡು ಮೈ ಉರಿಯಿತು. ಒಳ್ಳೆಯವಳಾಗುವುದಕ್ಕೂ ಅವಳೇ ಮೊದಲು!

ಆಗಲೇ ಅವಳ ಬಾಯಿಂದ ಆ ಮಾತು ಬಂದದ್ದು. "ಸುಮ್ನೆ ಆ ಮುದುಕೀನ ಯಾಕೆ ಹಿಂಸೆ ಮಾಡ್ತೀರಿ? ಬೆರಳಿನ ಗುರುತು ತೆಗೆಯೋರು ಇದಾರಲ್ಲ, ಅವ್ರನ್ನ ಕರೆಸಿ. ಪೆಟ್ಗೆ ಯಾರು ಮುಟ್ಟಿದಾರೆ ಅಂತ ಗೊತ್ತಾಗುತ್ತೆ."

ಗಂಡ ಪೇಪರ್ ಓದಿ ಹೇಳಿದ್ದು ಅವಳಿಗೆ ನೆನಪಿತ್ತು: ಎಲ್ಲೋ ಒಂದು ಕಡೆ ಕಿಟಕಿ ಗಾಜಿನ ಮೇಲಿನ ಗುರುತಿನಿಂದ ಕಳ್ಳ ಸಿಕ್ಕಿದ್ದನಂತೆ. ಹಾಗಾದರೆ ಉಜ್ಜಿದ ಪೆಟ್ಟಿಗೆಯ ಮೇಲೆ ದೀಕ್ಷಾಳ ಚಕ್ರಗಳು ಬಿದ್ದೇ ಇರುತ್ತವೆ. ಯಾವ ಚಕ್ರ ಅವಳನ್ನು ಮೆರೆಸಿತೋ ಅದೇ ಅವಳನ್ನು ಹಿಡಿದುಕೊಡಬೇಕು. ಮತ್ತೆ ತನ್ನದು? ತನ್ನದು ಬೋಳು ಬೆರಳಲ್ಲವೆ! ಶಂಖವಿದ್ದವರದ್ದು ಶಂಖ ಮೂಡುತ್ತದೆ, ಚಕ್ರವಿದ್ದವರದ್ದು ಚಕ್ರ, ಎಂತದೂ ಇಲ್ಲದವಳದ್ದು ಎಂತ ಮೂಡೀತು? ಎಣ್ಣೆಕೈಯಲ್ಲಿ ಲೋಟ ಹಿಡಿದಾಗ ಬೀಳುವ ಕಲೆ ಅವಳು ಕಂಡಿಲ್ಲವೇ ಎಂದರೆ ಕಂಡಿದ್ದಳು. ಅದು ಕೊಳೆ, ತೊಳೆದರೆ ಹೋಗುತ್ತದೆ ಎಂದುಕೊಂಡಿದ್ದಳು. ಅತ್ತೆಯ ಉಳಿದ ಯಾವ ಮಾತನ್ನೂ ನಂಬದವಳು ಇದೊಂದನ್ನು ಮಾತ್ರ ಹದಿನೇಳು ವರ್ಷ ಬಲವಾಗಿ ನಂಬಿದ್ದಳು.

ಆ ತಿಂಗಳು ಪೇಟೆಯಲ್ಲಿ ಇನ್ನೆರಡು ಮನೆಯಲ್ಲಿ ಕಳ್ಳತನವಾಗಿತ್ತು. ಅದಕ್ಕೆಂದು ಚಿಕ್ಕಮಗಳೂರಿನಿಂದ ಬೆರಳುಮುದ್ರೆಯವರು ಊರಿಗೆ ಬಂದೇ ಇದ್ದರು. ಮಲ್ಲೇಶಪ್ಪ ಸ್ಟೇಷನ್ನಿಗೆ ಹೋಗಿ ಹೇಳಿದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ ಅವರು ಒಬ್ಬ ಪೇದೆಯ ಜೊತೆ ಮನೆಗೆ ಬಂದರು. ಧರ್ಮಪ್ಪ ಎಂದು ಹೆಸರು. ಸಣಕಲು ಆಳು, ದಪ್ಪ ಕನ್ನಡಕ. ಪೊಲೀಸ್ ಎನ್ನುವುದಕ್ಕಿಂತ ಲೆಕ್ಕದ ಮೇಷ್ಟ್ರು ಎನ್ನಬಹುದಿತ್ತು.

"ಸೋಮವಾರ ಉಜ್ಜಿದ ಮೇಲೆ ಈ ಪೆಟ್ಗೆ ಯಾರ್ಯಾರು ಮುಟ್ಟಿದೀರಿ?"

"ಬೀರುವಿನೊಳಗೆ ಇಟ್ಟೋಳು ನಾನೇ ಸರ್" ಎಂದಳು ದೀಕ್ಷಾ.

"ಇವತ್ ಬೆಳಗ್ಗೆ ನಾನು ತೆಗ್ದೆ" ಎಂದರು ವೀರಬಸಮ್ಮ. ಗಂಡಸರು ಬೀರುವಿನ ಉಳಿದ ಸಾಮಾನಷ್ಟೇ ತೆಗೆದಿದ್ದರು. ಸೀತಕ್ಕ ಪೂಜೆಕೋಣೆಯ ಹೊಸ್ತಿಲನ್ನೇ ದಾಟಿದವಳಲ್ಲ.

"ನೀವಮ್ಮ?"

"ನಾನಾ?" ಹಾಲಮ್ಮ ನಕ್ಕಳು. "ಹದಿನೇಳು ವರ್ಷದಲ್ಲಿ ಆ ಪೆಟ್ಗೆ ಹೊರಗಿಂದಾನೂ ಮುಟ್ಟಿಲ್ಲ. ಮುಟ್ಟೋ ಯೋಗ್ಯತೆ ನಂಗೆಲ್ಲಿದೆ, ಕೇಳಿ ಅತ್ತೇನ."

ಧರ್ಮಪ್ಪ ಕುಂಚದಲ್ಲಿ ಕಪ್ಪು ಪುಡಿ ಅದ್ದಿ, ನವಿಲುಗರಿಯಲ್ಲಿ ಮಗುವಿನ ಕೆನ್ನೆ ಸವರುವ ಹಾಗೆ ಪೆಟ್ಟಿಗೆಯ ಮೇಲೆ ಸವರಿದರು. ಹಿತ್ತಾಳೆಯ ಮೇಲೆ ಒಂದೊಂದಾಗಿ ಗುಂಡು ಗುಂಡು ಸುರುಳಿಗಳು ಎದ್ದು ನಿಂತವು. ಹಾಲಮ್ಮನಿಗೆ ಎದೆ ತುಂಬಿ ಬಂತು. ಇಷ್ಟು ಚಂದವಾಗಿ ಚಕ್ರಗಳನ್ನು ಅವಳು ನೋಡಿದ್ದು ಅದೇ ಮೊದಲು. ಮುಚ್ಚಳ ತೆಗೆದು ಒಳಗಿನ ಕನ್ನಡಿಗೂ ಪುಡಿ ಸವರಿದ ಧರ್ಮಪ್ಪ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಗ್ಗಿ ನೋಡಿದರು. ಏನೂ ಹೇಳದೆ ಟೇಪು ಅಂಟಿಸಿ ಎತ್ತಿ, ಕಾರ್ಡಿಗೆ ಹಚ್ಚಿ ಜೇಬಿಗೆ ಹಾಕಿಕೊಂಡರು.

"ಈಗ ಮನೆಯೋರೆಲ್ಲರ ಬೆರಳು ಬೇಕು. ಯಾರ್ದು ಅಲ್ಲ ಅಂತ ತೆಗೆದು ಹಾಕೋಕೆ."

ಗಾಜಿನ ಹಲಗೆಯ ಮೇಲೆ ಮಸಿ ಉರುಳಿಸಿ ಒಬ್ಬೊಬ್ಬರ ಬೆರಳನ್ನೂ ಉಗುರಿನ ಈ ಅಂಚಿನಿಂದ ಆ ಅಂಚಿನವರೆಗೆ ಹೊರಳಿಸಿ ಕಾಗದಕ್ಕೆ ಒತ್ತಿದರು. ಮಲ್ಲೇಶಪ್ಪ ಮುಗಿದ, ಕಾಂತೇಶ್ ಮುಗಿದ, ವೀರಬಸಮ್ಮನ ಎಂಟು ಶಂಖ ಎರಡು ಚಕ್ರ ಮುಗಿದವು. ದೀಕ್ಷಾಳ ಸರದಿ ಬಂದಾಗ ವೀರಬಸಮ್ಮನಿಗೆ ಆ ದುಃಖದಲ್ಲೂ ಸುಮ್ಮನಿರಲಾಗಲಿಲ್ಲ.

"ಹತ್ತೂ ಚಕ್ರ ಸ್ವಾಮಿ, ನೋಡಿ. ಇಂಥಾ ಕೈ ಕದಿಯುತ್ತಾ?"

ಧರ್ಮಪ್ಪ ಕನ್ನಡಕ ಮೇಲೇರಿಸಿದರು. "ಅಜ್ಜೀ, ಸೆಂಟ್ರಲ್ ಜೈಲಲ್ಲೂ ಹತ್ತು ಚಕ್ರದೋರು ಬೇಕಾದಷ್ಟು ಜನ ಇದಾರೆ. ನೂರು ಬೆರಳು ತಗೊಂಡ್ರೆ ಅರವತ್ತು ಅರವತ್ತೈದು ನೀವು ಹೇಳೋ ಶಂಖ, ಮೂವತ್ತರ ಮೇಲೆ ಚಕ್ರ. ಮೂರು ಬೆರಳಿಗೊಂದು! ಅದ್ರಲ್ಲಿ ಎಂತ ವಿಶೇಷ? ಚಕ್ರ ಅಂದ ಮಾತ್ರಕ್ಕೆ ಇವ್ರೇ ಅಂತ ಹೇಳೋಕೂ ಆಗಲ್ಲ. ಗೆರೆ ಎಲ್ಲಿ ಕವಲೊಡೀತು, ಎಲ್ಲಿ ನಿಂತುಹೋಯ್ತು, ಆ ಒಂದೊಂದು ಜಾಗಾನೂ ಹೊಂದ್ಬೇಕು. ನಮೂನೆ ನೋಡಿ ಯಾರಲ್ಲ ಅಂತ ಹೇಳ್ಬಹುದು, ಅಷ್ಟೇ."

ವೀರಬಸಮ್ಮನ ಮುಖ ಚಿಕ್ಕದಾಯಿತು. ಮೂರು ಬೆರಳಿಗೊಂದು! ಹಾಲಮ್ಮನಿಗೆ ಆ ಮನುಷ್ಯನಿಗೆ ಇನ್ನೊಂದು ಲೋಟ ಕಾಫಿ ಕೊಡಬೇಕೆನಿಸಿತು. ಎದ್ದು ಹೋಗಿ ಮಾಡಿ ತಂದೂ ಕೊಟ್ಟಳು.

ಸೀತಕ್ಕನ ಬೆರಳು ಬೂದಿ ತಿಕ್ಕಿ ತಿಕ್ಕಿ ಸವೆದಿದ್ದರೂ ಎರಡು ಸಲ ಒತ್ತಿದ ಮೇಲೆ ಶಂಖಗಳು ಬಂದವು. ಧರ್ಮಪ್ಪ ಜೇಬಿನ ಕಾರ್ಡು ತೆಗೆದು ನೋಡಿ, "ನೀನು ಹೋಗಮ್ಮ, ನಿಂದಲ್ಲ" ಎಂದರು. ಕೊನೆಗೆ ಉಳಿದವಳು ಹಾಲಮ್ಮ.

"ನಂದು ಬೇಡ ಬಿಡಿ" ಎಂದಳು, ನಾಚಿಕೆಯಿಂದ. ಎಲ್ಲರೆದುರು ಖಾಲಿ ಬೆರಳು ಒತ್ತುವುದು ಅವಳಿಗೆ ಬೇಡವಾಗಿತ್ತು. "ನಂದು ಬೋಳು ಬೆರಳು. ಎಂತದೂ ಮೂಡಲ್ಲ."

"ಬೆರಳಿಗೆ ಗೆರೆ ಇಲ್ದೋರನ್ನ ನಾನಿನ್ನೂ ನೋಡಿಲ್ಲ. ಕೊಡಿ."

ಬಲಗೈ ಹೆಬ್ಬೆರಳು ಒತ್ತಿದರು. ತೋರುಬೆರಳು ಒತ್ತಿದರು. ಬರಬರುತ್ತ ಅವರ ಕೈ ನಿಧಾನವಾಯಿತು. ಹತ್ತೂ ಮುಗಿದ ಮೇಲೆ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ನಿಂತೇಬಿಟ್ಟರು. ಶಂಖವಿಲ್ಲ, ಚಕ್ರವಿಲ್ಲ. ಗೆರೆಗಳು ಒಂದು ಕಡೆಯಿಂದ ಹೊರಟು, ನಡುವೆ ಸಣ್ಣ ಗುಡ್ಡದ ಹಾಗೆ ಏರಿ, ಇಳಿದು, ಇನ್ನೊಂದು ಕಡೆ ಹೋಗಿದ್ದವು. ಹತ್ತಕ್ಕೆ ಹತ್ತರಲ್ಲೂ.

"ಕಮಾನು" ಎಂದರು. ಕಸುಬಿನ ಹುಚ್ಚು ಅವರನ್ನು ಹಿಡಿದುಕೊಂಡಿತ್ತು. "ಇದಕ್ಕೆ ಕಮಾನು ಅಂತಾರಮ್ಮ. ನೂರು ಬೆರಳಲ್ಲಿ ಐದು ಸಿಕ್ಕಿದ್ರೆ ಹೆಚ್ಚು. ಒಬ್ರಿಗೇ ಹತ್ತೂ! ಹತ್ತೊಂಬತ್ತು ವರ್ಷದ ಸರ್ವಿಸ್ನಲ್ಲಿ ಎಷ್ಟೋ ಸಾವಿರ ಕೈ ಒತ್ತಿದೀನಿ, ಹೀಗೆ ಹತ್ತೂ ಕಮಾನು ನಾನು ನೋಡ್ತಿರೋದು ಇದೇ ಮೊದ್ಲು."

ಹಾಲಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಹತ್ತು ಚಕ್ರಕ್ಕಿಂತ ಅಪರೂಪನಾ?"

"ಎಲ್ಲಿಂದೆಲ್ಲಿಗೆ! ಹತ್ತು ಚಕ್ರ ಆಗಾಗ ಕೈಗೆ ಸಿಗ್ತಾನೇ ಇರುತ್ತೆ."

"ಇನ್ನೊಂದ್ಸಲ ಹೇಳಿ" ಎಂದಳು. "ಜೋರಾಗಿ ಹೇಳಿ. ನಮ್ಮತ್ತೆಗೆ ಕಿವಿ ಸ್ವಲ್ಪ ಮಂದ."

ವೀರಬಸಮ್ಮನ ಕಿವಿಗೆ ಏನೂ ಆಗಿರಲಿಲ್ಲ. ಹಾಲಮ್ಮ ಮಸಿ ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿ, ಮದುಮಗಳು ಗೋರಂಟಿ ತೋರಿಸುವ ಹಾಗೆ ಎಲ್ಲರ ಎದುರೂ ಹಿಡಿದು ನಿಂತಿದ್ದಳು. ಹದಿನೇಳು ವರ್ಷದ ಉರಿ ಒಂದು ಕೊಡ ನೀರಿಗೆ ಆರಿದಂತಿತ್ತು. ದೀಕ್ಷಾಳನ್ನು ಕೂಡ ಅವಳು ಆಗ ಪ್ರೀತಿಯಿಂದಲೇ ನೋಡಿದಳು. ಪಾಪ, ಮೂರಕ್ಕೊಂದು ಸಿಗುವ ಹುಡುಗಿ!

ಧರ್ಮಪ್ಪ ಮಾತ್ರ ಅಷ್ಟರಲ್ಲಿ ಹೊಗಳಿಕೆ ನಿಲ್ಲಿಸಿದ್ದರು. ಜೇಬಿನ ಕಾರ್ಡನ್ನು ತೆಗೆದು ಹಾಲಮ್ಮನ ಕಾಗದದ ಪಕ್ಕ ಇಟ್ಟು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಒಂದೊಂದೇ ಗೆರೆಯ ಮೇಲೆ ಸೂಜಿ ಓಡಿಸಿ ಏನೋ ಎಣಿಸಿಕೊಂಡರು.

"ಅಮ್ಮ, ಈ ಪೆಟ್ಗೆ ನೀವು ಮುಟ್ಟೇ ಇಲ್ಲ ಅಂದ್ರಿ."

ಧರ್ಮಪ್ಪ ಕಾರ್ಡನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ಒಳಗಿನ ಕನ್ನಡಿ ಮೇಲೆ ಒಂದು ಹೆಬ್ಬೆರಳಿದೆ. ಕಮಾನು. ಈ ಮನೇಲಿ ಬೇರೆ ಯಾರಿಗೂ ಅದಿಲ್ಲ. ಗೆರೆಗಳೂ ಹೊಂದ್ತಾ ಇದಾವೆ."

ಹಾಲಮ್ಮನ ಚಾಚಿದ ಕೈ ಹಾಗೇ ಇತ್ತು, ಇಳಿಸುವುದು ಅವಳಿಗೆ ಮರೆತುಹೋಗಿತ್ತು. ಮಲ್ಲೇಶಪ್ಪ ಗೋಡೆ ನೋಡಿದ. ಆಗ ದೀಕ್ಷಾ ಮುಂದೆ ಬಂದಳು.

"ಸರ್, ಅದು, ಮಂಗಳವಾರ ನಾನೇ ಅಕ್ಕಂಗೆ ಪೆಟ್ಗೆ ಕೊಟ್ಟಿದ್ದೆ. ಒಂಚೂರು ಹಿಡ್ಕೊಳ್ಳಿ ಅಂತ. ಅವ್ರಿಗೆ ನೆನಪಿಲ್ಲ ಅಷ್ಟೆ. ಅಲ್ವಾ ಅಕ್ಕಾ?"

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ದೀಕ್ಷಾ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು, ಹೂಂ ಅನ್ನಿ ಅಕ್ಕಾ ಎಂದು. ಹಾಲಮ್ಮ ಆ ಮುಖವನ್ನು ನೋಡಿದಳು. ನಾಳೆಯಿಂದ ಅತ್ತೆ ಏನು ಹೇಳುತ್ತಾರೆ ಎಂಬುದು ಅವಳಿಗೆ ಈಗಲೇ ಕೇಳಿಸುತ್ತಿತ್ತು: ನೋಡಿ, ಕದ್ದವಳನ್ನೂ ಕಾಪಾಡಿದಳು, ಚಕ್ರದ ಕೈ ಅಂದರೆ ಅದು. ಸಾಯುವವರೆಗೂ ಅದನ್ನು ಕೇಳಿಕೊಂಡು, ಆ ಹುಡುಗಿ ಕೊಟ್ಟ ಭಿಕ್ಷೆಯಲ್ಲಿ ಇರಬೇಕು. ಜೈಲಿಗಾದರೂ ಹೋದಾಳು, ಅದಾಗದು.

"ಸುಳ್ಳು ಹೇಳ್ಬೇಡ" ಎಂದಳು. "ಇವಳು ಕೊಟ್ಟಿಲ್ಲ ಸ್ವಾಮಿ. ಕೀ ತಗೊಂಡು ನಾನೇ ಬೀರು ತೆಗ್ದೆ. ಸರ ಇವಳ ಮಶೀನಿನ ಡ್ರಾಯರಲ್ಲಿದೆ, ಬಟನ್ ಡಬ್ಬಿ ಹಿಂದೆ. ಅದು ನನ್ನದೇ ಬೆರಳು. ಬೇರೆ ಯಾರ್ಗಿದೆ ಅದು ಈ ಮನೇಲಿ?"

ಕಾಂತೇಶ್ ಒಳಗೆ ಓಡಿದ. ಸರ ಸಿಕ್ಕಿತು. ಸೀತಕ್ಕ ಜಗಲಿಯಿಂದ ಎದ್ದು ಬಾಗಿಲಿಗೆ ಬಂದಳು, ಮಸಿಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ನಾನು ನಿಮ್ಗೆ ಎಂತ ಮಾಡಿದ್ದೆ ಹಾಲಮ್ಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಸರ ಮನೆಯಲ್ಲೇ ಇದೆಯಲ್ಲ, ಮುಂದಿನದ್ದು ನೀವು ನೀವು ಕೂತು ಯೋಚಿಸಿ ಸ್ಟೇಷನ್ನಿಗೆ ಬಂದು ಹೇಳಿ ಎಂದು ಧರ್ಮಪ್ಪ ತಮ್ಮ ಕುಂಚ, ಪುಡಿ, ಮಸಿ ಎಲ್ಲ ಕಟ್ಟಿಕೊಂಡರು. ಹೋಗುವಾಗ ಹಾಲಮ್ಮನ ಕೈಯ ಕಡೆ ಇನ್ನೊಮ್ಮೆ ನೋಡದೇ ಹೋಗಲಿಲ್ಲ.

ವೀರಬಸಮ್ಮ ಬೆಂಚಿನಿಂದ ಎದ್ದರು. ಬಾರಿಸುತ್ತಾರೆ ಎಂದುಕೊಂಡು ಹಾಲಮ್ಮ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಅತ್ತೆ ಅವಳ ಬಲಗೈ ಹಿಡಿದು ಕಿಟಕಿಯ ಕಡೆಗೆ ಎಳೆದುಕೊಂಡು ಹೋದರು. ಸೊಂಟದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಹೆಣ್ಣು ನೋಡಲು ಬಂದಾಗ ಅವರಿಗೆ ಕನ್ನಡಕವಿರಲಿಲ್ಲ.

"ಎಲ್ಲಿ, ತೋರ್ಸು" ಎಂದರು. ಸಿಟ್ಟಿನಿಂದಲೇ ಎಂದರು.

ಹಾಲಮ್ಮ ಅಳುತ್ತ ಬೆರಳು ಬಿಡಿಸಿದಳು. "ಕಾಣ್ತಾ ಅತ್ತೆ?" ಎಂದು ಕೇಳಿದಳು. "ಅಲ್ಲಿ, ನಡುವಲ್ಲಿ ಮೇಲಕ್ಕೆ ಹೋಗಿದೆ ನೋಡಿ. ಕಾಣ್ತಾ?"